ಎಚ್‌ಐವಿ ಇದ್ದವರಿಗೆ ಕ್ಯಾನ್ಸರ್ ಬಂದಾಗ: ಯಾರಿಗೆ ಹೇಳಬೇಕು, ಯಾರಿಗೆ ಬೇಕಿಲ್ಲ

ದಾವಣಗೆರೆ, ಚಿತ್ರದುರ್ಗದ ಕಡೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ನುಂಗುತ್ತ ವರ್ಷಗಟ್ಟಲೆ ಹೊಲಮನೆ ಮಾಡಿಕೊಂಡು, ಮಕ್ಕಳ ಮದುವೆ ಮುಗಿಸಿಕೊಂಡು ಚೆನ್ನಾಗಿರುವವರು ಎಷ್ಟೋ ಜನ. ಪಕ್ಕದ ಮನೆಯವರಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ತೊಂದರೆ ಶುರುವಾಗುವುದು ಕ್ಯಾನ್ಸರ್ ಬಂದಾಗ. ಆಸ್ಪತ್ರೆಯ ಓಡಾಟ ಹೆಚ್ಚುತ್ತದೆ, ವಾರ್ಡಿನಲ್ಲಿ ಮಲಗಬೇಕಾಗುತ್ತದೆ, ನೋಡಲು ಬರುವ ನೆಂಟರು ಫೈಲ್ ತಿರುವಿಹಾಕುತ್ತಾರೆ. ಆಗ ಮಂದಿ ಏನಂದಾರು ಎಂಬ ಭಯಕ್ಕೆ ರೋಗಿ ಮಾಡುವ ಮೊದಲ ಕೆಲಸ, ಎಆರ್‌ಟಿ ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿ ಬಯಾಪ್ಸಿ ರಿಪೋರ್ಟ್ ಒಂದನ್ನೇ ಹಿಡಿದು ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗುವುದು.

ಕಳಂಕ ಮನಸ್ಸನ್ನು ನೋಯಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಈ ಎರಡು ಕಾಯಿಲೆ ಒಟ್ಟಿಗೆ ಇರುವವರಲ್ಲಿ ಅದು ಇನ್ನೂ ನೇರವಾಗಿ ಕೆಡುಕು ಮಾಡುತ್ತದೆ: ಪರೀಕ್ಷೆ ತಡವಾಗುತ್ತದೆ, ಔಷಧಿಗಳು ಒಂದಕ್ಕೊಂದು ಕಚ್ಚಾಡುತ್ತವೆ, ನಡುವೆ ಚಿಕಿತ್ಸೆ ನಿಲ್ಲುತ್ತದೆ. ಊರಿಗೆ ಗುಟ್ಟಾಗಿಡುವುದು ನಿಮ್ಮ ಹಕ್ಕು. ನಿಮ್ಮ ಇಬ್ಬರು ಡಾಕ್ಟರ ನಡುವೆ ಮಾತ್ರ ಗುಟ್ಟು ಇರಬಾರದು. ಮುಂದಿನದೆಲ್ಲ ಈ ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿ.

ತಡವಾಗುವುದು ಎಲ್ಲಿ

ಎಚ್‌ಐವಿಯೊಂದಿಗೆ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳ ಹಿಂದೆ ಬಹುಪಾಲು ಬೇರೊಂದು ವೈರಸ್ ಇರುತ್ತದೆ. ಗರ್ಭಕಂಠ ಮತ್ತು ಗುದದ್ವಾರದ ಕ್ಯಾನ್ಸರ್‌ಗೆ ಎಚ್‌ಪಿವಿ, ಹಲವು ಬಗೆಯ ಲಿಂಫೋಮಾಗಳಿಗೆ (ದುಗ್ಧಗ್ರಂಥಿಗಳ ಕ್ಯಾನ್ಸರ್) ಎಪ್‌ಸ್ಟೀನ್-ಬಾರ್ ವೈರಸ್, ಯಕೃತ್ತಿನ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಮತ್ತು ಸಿ. ಕಪೋಸಿ ಸಾರ್ಕೋಮಾ ಎಂಬುದೂ ಈ ಪಟ್ಟಿಯಲ್ಲಿದೆ, ನಮ್ಮ ದೇಶದಲ್ಲಿ ಅದು ಅಪರೂಪ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಈ ವೈರಸ್‌ಗಳಿಗೆ ಕಡಿವಾಣ ತಪ್ಪುತ್ತದೆ.

ಇದರಲ್ಲಿ 'ನಡತೆ'ಯ ಮಾತು ತರುವವರಿಗೆ ಒಂದೇ ಉತ್ತರ ಸಾಕು: ಲೈಂಗಿಕ ಸಂಪರ್ಕ ಮಾಡಿದ ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ, ಗಂಡ ಒಬ್ಬನೇ ಆದ ಹೆಣ್ಣಿಗೂ ತಗಲುತ್ತದೆ. ಗರ್ಭಕಂಠದ ಕ್ಯಾನ್ಸರ್ ಬಂದ ಭಾರತದ ಹೆಂಗಸರಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇಲ್ಲವೇ ಇಲ್ಲ. ಹಾಗಾಗಿ ಕ್ಯಾನ್ಸರ್‌ನ ಹೆಸರು ಕೇಳಿ ಯಾರೂ ನಿಮ್ಮ ಎಚ್‌ಐವಿಯನ್ನು ಊಹಿಸಲಾರರು. ಈ ಧೈರ್ಯ ಮುಂದೆ ತುಂಬ ಕೆಲಸಕ್ಕೆ ಬರುತ್ತದೆ.

ನಾಚಿಕೆಗೆ ಮೂರು ಅಡಗುತಾಣಗಳಿವೆ. ಒಂದು, ಬಿಳಿಸೆರಗು. ನಾರುವ ಬಿಳುಪು, ಮುಟ್ಟಿನ ನಡುವೆ ರಕ್ತ, ಕೂಡಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೂ ರಕ್ತ ಕಂಡರೆ ಮನೆಮದ್ದು, ಆಮೇಲೆ ಯಾವುದೋ ನರ್ಸಿಂಗ್ ಹೋಮ್, ಅಲ್ಲಿ 'ಗರ್ಭಕೋಶ ತೆಗೆಸಿಬಿಡಿ' ಎಂಬ ಸಲಹೆ. ಇಲ್ಲಿ ಎಚ್ಚರ ಬೇಕು. ಗರ್ಭಕಂಠ ಪರೀಕ್ಷಿಸದೆ, ಅನುಮಾನದ ಜಾಗದಿಂದ ಬಯಾಪ್ಸಿ ತೆಗೆಯದೆ ಗರ್ಭಕೋಶ ತೆಗೆದರೆ, ಒಳಗೆ ಕ್ಯಾನ್ಸರ್ ಇದ್ದ ಪಕ್ಷದಲ್ಲಿ ಅದು ಅರೆಬರೆ ಆಪರೇಷನ್ ಆಗುತ್ತದೆ, ಮುಂದಿನ ಚಿಕಿತ್ಸೆಯೂ ಜಟಿಲವಾಗುತ್ತದೆ. ಎರಡು, ಮೂಲವ್ಯಾಧಿ. ಮಲದ ಜೊತೆ ರಕ್ತ, ಗುದದ ಬಳಿ ಗಟ್ಟಿ ಗಂಟು ಇದ್ದು ಕೆಲವು ವಾರದಲ್ಲಿ ವಾಸಿಯಾಗದಿದ್ದರೆ ಬೋರ್ಡ್ ನೋಡಿ ಕ್ಲಿನಿಕ್‌ಗೆ ಹೋಗುವುದು ಬಿಟ್ಟು ಜಿಲ್ಲಾ ಆಸ್ಪತ್ರೆಯ ಸರ್ಜನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ಮೂರು, ಟಿಬಿ. ಕತ್ತು, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಟಿಬಿಯಲ್ಲೂ ಇರುತ್ತವೆ, ಲಿಂಫೋಮಾದಲ್ಲೂ ಇರುತ್ತವೆ. ಎಚ್‌ಐವಿ ಇದೆ ಎಂದಕೂಡಲೆ ಟಿಬಿ ಎಂದೇ ಹಿಡಿದು ಔಷಧಿ ಶುರುಮಾಡುವುದುಂಟು. ಗಂಟು ಕರಗದಿದ್ದರೆ ಸೂಜಿ ಪರೀಕ್ಷೆಗೆ ನಿಲ್ಲಿಸಬೇಡಿ, ಇಡೀ ಗಂಟಿನ ಬಯಾಪ್ಸಿ ಕೇಳಿ.

ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು. ಆದ್ದರಿಂದ 25ನೇ ವಯಸ್ಸಿನಿಂದಲೇ ತಪಾಸಣೆ ಶುರುಮಾಡಿ, ಎಚ್‌ಪಿವಿ ಪರೀಕ್ಷೆಯಾದರೆ 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಸೌಲಭ್ಯ ಇಲ್ಲದ ಕಡೆ ವಿನೆಗರ್ ದ್ರಾವಣ ಹಚ್ಚಿ ನೋಡುವ ವಿಐಎ ಪರೀಕ್ಷೆ ಕೆಲವೇ ನಿಮಿಷದ್ದು. ಕ್ಯಾನ್ಸರ್ ಆಗುವ ಮುಂಚಿನ ಹಂತದಲ್ಲಿ ಸಿಕ್ಕರೆ ಹೊರರೋಗಿ ವಿಭಾಗದಲ್ಲೇ ಸುಟ್ಟು ಅಥವಾ ಕತ್ತರಿಸಿ ತೆಗೆಯಬಹುದು, ಸಂಜೆಗೆ ಮನೆಗೆ. ಮಾತ್ರೆ ತರಲು ಎಆರ್‌ಟಿ ಕೇಂದ್ರಕ್ಕೆ ಹೋದ ದಿನವೇ ಚೀಟಿ ಬರೆಸಿಕೊಳ್ಳಿ. ಇನ್ನೊಂದು ದಿನ ಎಂದರೆ ಆ ದಿನ ಬರುವುದಿಲ್ಲ.

ಹೇಳುವವರ ಪಟ್ಟಿ

ಒಂದು ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. ಬಾಯಲ್ಲಿ ಲೆಕ್ಕ ಹಾಕಿದರೆ ಗಾಬರಿಯಲ್ಲಿ ಬೇಡದವರಿಗೆ ಹೇಳಿ, ಬೇಕಾದವರಿಗೆ ಬಿಡುತ್ತೀರಿ.

ಎಚ್‌ಐವಿ ವಿಷಯ ತಿಳಿಯಲೇಬೇಕಾದವರು: ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಡಾಕ್ಟರು, ಎಆರ್‌ಟಿ ಕೇಂದ್ರದ ಡಾಕ್ಟರು (ಅವರಿಗೆ ಕ್ಯಾನ್ಸರ್ ವಿಷಯ), ಮತ್ತು ನಿಮ್ಮ ಜೊತೆ ಆಸ್ಪತ್ರೆಗೆ ಬರುವ ಒಬ್ಬರು. ಒಬ್ಬರೇ. ಅಣ್ಣನೋ, ಮಗಳೋ, ಗೆಳತಿಯೋ, ಬಾಯಿ ಬಿಗಿ ಇರುವವರು. ಗಂಡ ಅಥವಾ ಹೆಂಡತಿಗೆ ಇನ್ನೂ ಗೊತ್ತಿಲ್ಲದಿದ್ದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಆ ಮಾತನ್ನು ಮನೆಯ ಪಡಸಾಲೆಯಲ್ಲಿ ಎತ್ತುವ ಬದಲು ಆಪ್ತ ಸಮಾಲೋಚಕರ ಎದುರು ಕೂತು ಆಡಿದರೆ ಗದ್ದಲ ಕಡಿಮೆ. ಹೊಡೆತ, ಮನೆಯಿಂದ ಹೊರಹಾಕುವ ಭಯ ಇರುವ ಹೆಂಗಸರು ಅದನ್ನು ಸಮಾಲೋಚಕರಿಗೆ ಮೊದಲೇ ಹೇಳಬೇಕು. ಅಂಥ ಸಂದರ್ಭಕ್ಕೆ ಕಾನೂನಿನಲ್ಲೂ ರಕ್ಷಣೆ ಇದೆ.

ಹೇಳಬೇಕಾಗಿಲ್ಲದವರು: ಕೆಲಸ ಕೊಟ್ಟ ಧಣಿ, ಬಾಡಿಗೆ ಮನೆ ಮಾಲೀಕರು, ಸಂಘದ ಹೆಂಗಸರು, ಮಕ್ಕಳ ಶಾಲೆ, ಬೀಗರು. ಇವರಿಗೆಲ್ಲ ಒಂದೇ ಸಾಲು ಕಲಿತಿಟ್ಟುಕೊಳ್ಳಿ: 'ಗಡ್ಡೆ ಆಗೈತಿ, ಕರೆಂಟ್ ಕೊಡಸ್ತಾ ಇದೀವಿ.' ಈ ಮಾತು ಸುಳ್ಳಲ್ಲ, ಕರೆಂಟ್ ಎಂದರೆ ವಿಕಿರಣ ಚಿಕಿತ್ಸೆ. ಸುಳ್ಳು ಕಟ್ಟಿದರೆ ಅದನ್ನು ನೆನಪಿಡುವ ಇನ್ನೊಂದು ಕೆಲಸ ತಲೆಗೆ ಬರುತ್ತದೆ. ಜೊತೆಗೆ ಬರುವವರೂ ಇದೇ ಸಾಲನ್ನೇ ಹೇಳಬೇಕು. ಒಬ್ಬರು 'ಬಿಪಿ', ಇನ್ನೊಬ್ಬರು 'ಕಾಮಾಲೆ' ಎಂದರೆ ಊರು ಹುಡುಕಲು ಶುರುಮಾಡುತ್ತದೆ.

ಎರಡು ಫೈಲ್ ಒಂದು ಮಾಡುವುದು

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಎರಡರಲ್ಲೂ ಎಆರ್‌ಟಿ ಕೇಂದ್ರ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ಇಲ್ಲಿಯವರು ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೋ, ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾರೆ. ಈ ಎರಡು ಕಡೆಯ ಕಾಗದಗಳು ತಾವಾಗಿ ಸೇರುವುದಿಲ್ಲ, ನೀವೇ ಸೇರಿಸಬೇಕು.

ಎಆರ್‌ಟಿ ಡಾಕ್ಟರಿಂದ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ. ಅದರಲ್ಲಿ ಈಗಿನ ಔಷಧಿಗಳ ಪೂರ್ತಿ ಹೆಸರು ಮತ್ತು ಪ್ರಮಾಣ, ಶುರುವಾದ ವರ್ಷ, ಹಿಂದೆ ಬದಲಿಸಿದ್ದರೆ ಕಾರಣ, ಕೊನೆಯ ವೈರಲ್ ಲೋಡ್ (ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂಬ ಲೆಕ್ಕ) ಮತ್ತು ಸಿಡಿ4 (ರೋಗ ತಡೆಯುವ ಕಣಗಳ ಲೆಕ್ಕ) ದಿನಾಂಕ ಸಮೇತ, ಹೆಪಟೈಟಿಸ್ ಬಿ ಮತ್ತು ಸಿ ಫಲಿತಾಂಶ, ಟಿಬಿ ಚಿಕಿತ್ಸೆ ಆಗಿದ್ದರೆ ಅದು, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ), ಹಿಮೋಗ್ಲೋಬಿನ್ ಇರಲಿ. ಮೂರು ಪ್ರತಿ ಮಾಡಿಸಿ. ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ 'ಚಿಕಿತ್ಸೆ ಮಾಡುವ ಡಾಕ್ಟರಿಗೆ' ಎಂದಷ್ಟೇ ಬರೆಯಿರಿ. ಡಾಕ್ಟರ ಕೊಠಡಿಯಲ್ಲಿ ಕೈಗೇ ಕೊಡಿ, ನೋಂದಣಿ ಕೌಂಟರಿನಲ್ಲಿ ಬೇಡ.

ಯಾಕಿಷ್ಟು ಕಟ್ಟುನಿಟ್ಟು ಎಂದರೆ, ಗುಟ್ಟು ಮಾಡಿದರೆ ಔಷಧಿಗಳು ಬಡಿದಾಡುತ್ತವೆ:

ಈಗ ಹೆಚ್ಚಿನವರಿಗೆ ಸಿಗುವುದು ಟಿಎಲ್‌ಡಿ, ಅಂದರೆ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರವಿರ್ 50 ಮಿಲಿಗ್ರಾಂ ಸೇರಿದ ದಿನಕ್ಕೊಂದು ಮಾತ್ರೆ. ಕ್ಯಾನ್ಸರ್ ಚಿಕಿತ್ಸೆಗೆ ಹೊಂದಿಕೊಳ್ಳುವ ಮಾತ್ರೆ ಇದು, ಆದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಮತ್ತು ಅಸಿಡಿಟಿಗೆ ಕುಡಿಯುವ ಬಿಳಿ ಸಿರಪ್ ಡೊಲುಟೆಗ್ರವಿರ್ ಮೈಗೆ ಹತ್ತದಂತೆ ತಡೆಯುತ್ತವೆ. ಕೀಮೋದಲ್ಲಿ ರಕ್ತ ಕಡಿಮೆಯಾಗಿ ಕಬ್ಬಿಣದ ಮಾತ್ರೆ ಬರೆದುಕೊಡುವುದು ದಿನನಿತ್ಯದ ಸಂಗತಿ. ಇವನ್ನು ನುಂಗುವ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಟಿಎಲ್‌ಡಿ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆಗಿದ್ದರೆ ಅದು ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು.

ಗರ್ಭಕಂಠದ ಕ್ಯಾನ್ಸರ್‌ಗೆ ಕರೆಂಟ್ ಜೊತೆ ವಾರಕ್ಕೊಮ್ಮೆ ಕೊಡುವ ಸಿಸ್‌ಪ್ಲಾಟಿನ್ ಕಿಡ್ನಿಗೆ ಭಾರ, ಟೆನೊಫೊವಿರ್ ಕೂಡ ಕೆಲವರ ಕಿಡ್ನಿಗೆ ಭಾರ. ಎರಡೂ ಸೇರಿದಾಗ ಪ್ರತಿ ಸಲ ಕ್ರಿಯಾಟಿನಿನ್ ನೋಡಿಯೇ ಮುಂದುವರಿಯಬೇಕು. ಡೊಲುಟೆಗ್ರವಿರ್ ಕಿಡ್ನಿಗೆ ಏನೂ ಆಗದಿದ್ದರೂ ಕ್ರಿಯಾಟಿನಿನ್ ಅಂಕಿಯನ್ನು ಸ್ವಲ್ಪ ಏರಿಸುತ್ತದೆ. ಈ ವಿಷಯ ಗೊತ್ತಿರುವ ಡಾಕ್ಟರು ಆ ಸಣ್ಣ ಏರಿಕೆಗೆ ಹೆದರಿ ಕೀಮೋ ನಿಲ್ಲಿಸುವುದಿಲ್ಲ, ಗೊತ್ತಿಲ್ಲದವರು ನಿಲ್ಲಿಸಬಹುದು. ಹಳೆಯ ಜಿಡೊವುಡಿನ್ ಮಾತ್ರೆಯಲ್ಲಿರುವವರಿಗೆ ಕೀಮೋದಲ್ಲಿ ರಕ್ತಕಣಗಳು ಇನ್ನಷ್ಟು ಕುಸಿಯುತ್ತವೆ, ಅದನ್ನು ಮೊದಲೇ ಬದಲಿಸಬೇಕು. ಮೊದಲ ಎಆರ್‌ಟಿ ಫಲಿಸದಾಗ ಕೊಡುವ ಎರಡನೇ ಸಾಲಿನ ಔಷಧಿಯಲ್ಲಿ ರಿಟೊನಾವಿರ್ ಇದ್ದರೆ ವಿನ್‌ಕ್ರಿಸ್ಟಿನ್, ಡೊಸಿಟ್ಯಾಕ್ಸೆಲ್ ಮುಂತಾದ ಕೀಮೋ ಔಷಧಿ ಮೈಯಲ್ಲಿ ಮಿತಿಮೀರಿ ಉಳಿದು ಕೈಕಾಲು ಜೋಮು, ಮಲಬದ್ಧತೆಯಿಂದ ಹಿಡಿದು ಜೀವಕ್ಕೇ ಅಪಾಯದವರೆಗೆ ಹೋಗಬಹುದು. ಲಿಂಫೋಮಾಕ್ಕೆ ಕೊಡುವ ಕೀಮೋದಲ್ಲಿ ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಡಾಕ್ಟರಿಗೆ ನಿಮ್ಮ ರಿಟೊನಾವಿರ್ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

'ಕೀಮೋ ಮುಗಿಯೋವರೆಗೆ ಎಚ್‌ಐವಿ ಮಾತ್ರೆ ನಿಲ್ಸೋಣ' ಎಂದು ನೀವೇ ತೀರ್ಮಾನಿಸಬೇಡಿ. ಟಿಎಲ್‌ಡಿಯಲ್ಲಿರುವ ಎರಡು ಔಷಧಿಗಳು ಹೆಪಟೈಟಿಸ್ ಬಿಯನ್ನೂ ಅದುಮಿಟ್ಟಿರುತ್ತವೆ. ಆ ವೈರಸ್ ಇರುವವರು ಮಾತ್ರೆ ಬಿಟ್ಟರೆ ಯಕೃತ್ತು ಕೆರಳುತ್ತದೆ. ಕೀಮೋ, ಕರೆಂಟ್ ನಡೆಯುವಾಗ ಸಿಡಿ4 ಇಳಿಯುವುದು ಸಹಜ, ಅದನ್ನು ಕಂಡು ಎಆರ್‌ಟಿ ಕೈಕೊಟ್ಟಿತು ಎಂದುಕೊಳ್ಳಬೇಡಿ. ಔಷಧಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಹೇಳುವುದು ವೈರಲ್ ಲೋಡ್. ಅದು ಹತೋಟಿಯಲ್ಲಿದ್ದು ಮೈ ತಡೆದುಕೊಳ್ಳುವಂತಿದ್ದರೆ, ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕ್ಯಾನ್ಸರ್ ಔಷಧಿಯ ಪ್ರಮಾಣ ಇಳಿಸಬೇಕಾಗಿಲ್ಲ. ಇಳಿಸಿದ್ದಾರೆ ಎನಿಸಿದರೆ ಕಾರಣ ಕೇಳಿ.

ವಾರ್ಡಿನಲ್ಲಿ ಮಾತ್ರೆ ಡಬ್ಬಿಯ ಚೀಟಿ ಕಂಡೀತು ಎಂಬ ಹೆದರಿಕೆಗೆ ಮಾತ್ರೆ ಬಿಡುವವರೇ ಹೆಚ್ಚು. ಒಂದು ವಾರಕ್ಕೆ ಬೇಕಾದಷ್ಟನ್ನು ಸಾದಾ ಮಾತ್ರೆ ಡಬ್ಬಿಗೆ ಹಾಕಿಕೊಳ್ಳಿ, ಮೂಲ ಬಾಟಲಿ ಮನೆಯಲ್ಲಿ ಒಣ ಜಾಗದಲ್ಲಿರಲಿ. ಕೀಮೋ ದಿನ ವಾಂತಿ ತಡೆಯುವ ಮಾತ್ರೆ ಮೊದಲು, ವಾಕರಿಕೆ ನಿಂತ ಮೇಲೆ ಎಆರ್‌ಟಿ ಮಾತ್ರೆ.

ದುಡ್ಡು, ಪ್ರಯಾಣ, ಉಳಿದುಕೊಳ್ಳುವುದು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಳ್ಳಿ, ಇದನ್ನು ಬಿಟ್ಟು ಹೋಗಿ ವಾಪಸ್ ಬರುವವರು ಬಹಳ. ಕ್ಯಾನ್ಸರ್ ಪ್ಯಾಕೇಜಿಗೆ ಬೇಕಾದ್ದು ಬಯಾಪ್ಸಿ ವರದಿ, ಸ್ಕ್ಯಾನ್, ಡಾಕ್ಟರ ಚೀಟಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಮುಂದೆ ಎಆರ್‌ಟಿ ಪುಸ್ತಕ ತೆಗೆಯುವ ಅಗತ್ಯವಿಲ್ಲ.

ಗರ್ಭಕಂಠದ ಕ್ಯಾನ್ಸರ್‌ಗೆ ಕರೆಂಟ್ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಸುಮಾರು 5 ವಾರ, ಆಮೇಲೆ ಒಳಗಿನಿಂದ ಕೊಡುವ ಕರೆಂಟ್. ಎಲ್ಲ ಸೇರಿ 8 ವಾರದೊಳಗೆ ಮುಗಿದರೆ ಫಲ ಚೆನ್ನಾಗಿರುತ್ತದೆ, ನಡುವೆ ಊರಿಗೆ ಹೋಗಿ ಹತ್ತು ದಿನ ಕೂತರೆ ಕೆಡುತ್ತದೆ. ಆದ್ದರಿಂದ ಉಳಿಯುವ ಜಾಗ ಮೊದಲೇ ಗೊತ್ತುಮಾಡಿ. ನೆಂಟರ ಮನೆಗಿಂತ ಆಸ್ಪತ್ರೆಯ ಧರ್ಮಶಾಲೆ ವಾಸಿ: ಅಲ್ಲಿ ಎಲ್ಲರೂ ರೋಗಿಗಳೇ, ಯಾರ ಮಾತ್ರೆಯನ್ನೂ ಯಾರೂ ಎಣಿಸುವುದಿಲ್ಲ. ಅಷ್ಟು ದಿನದ ಎಆರ್‌ಟಿ ಮಾತ್ರೆ ಒಟ್ಟಿಗೆ ಕೊಡಿ ಎಂದು ಹೊರಡುವ ಮುಂಚೆ ಕೇಳಿ. ಸಾಲದಾದರೆ ಬೆಂಗಳೂರಿನ ಎಆರ್‌ಟಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಪಡೆಯಲು ಚೀಟಿ ಬರೆಸಿಕೊಳ್ಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆ ಉಚಿತ, ಜೊತೆಯ ಒಬ್ಬರಿಗೆ ರಿಯಾಯಿತಿ. ಆಸ್ಪತ್ರೆ ಕೊಡುವ ಆ ಫಾರಂನಲ್ಲಿ ಕ್ಯಾನ್ಸರ್ ಎಂದಷ್ಟೇ ಇರುತ್ತದೆ. ಕೀಮೋ ಒಂದೇ ಬಾಕಿಯಿದ್ದರೆ, 2025ರಿಂದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರುವಾಗಿದೆ, ಹತ್ತಿರದಲ್ಲೆಲ್ಲಿ ಎಂದು ವಿಚಾರಿಸಿ.

ಮನೆಯಲ್ಲಿ ತಟ್ಟೆ ಬೇರೆ ಮಾಡುವ ಮುಂಚೆ

ಎಚ್‌ಐವಿ ತಟ್ಟೆ, ಲೋಟ, ಹಾಸಿಗೆ, ಕಕ್ಕಸು, ಅಪ್ಪುಗೆಯಿಂದ ಬರುವುದಿಲ್ಲ. ಕ್ಯಾನ್ಸರ್ ಅಂಟುರೋಗವೇ ಅಲ್ಲ. ಎಆರ್‌ಟಿ ಬಿಡದೆ ತೆಗೆದುಕೊಂಡು ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತವರಿಂದ ಲೈಂಗಿಕ ಸಂಪರ್ಕದಲ್ಲೂ ಹರಡುವುದಿಲ್ಲ. ಇಷ್ಟೂ ಗೊತ್ತಿರುವ ಮನೆಗಳಲ್ಲೇ ಗಲಿಬಿಲಿ ಹುಟ್ಟಿಸುವ ಒಂದು ಸಂಗತಿ ಇದೆ. ಕೀಮೋ ಕೊಟ್ಟು ಕಳಿಸುವಾಗ ನರ್ಸ್, 'ಎರಡು ದಿನ ವಾಂತಿ, ಮೂತ್ರ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಿ, ಬಟ್ಟೆ ಬೇರೆ ಒಗೆಯಿರಿ, ಕಕ್ಕಸಿಗೆ ಎರಡು ಸಲ ನೀರು ಹಾಕಿ' ಎನ್ನುತ್ತಾರೆ. ಮನೆಯವರು ಅದನ್ನು ಎಚ್‌ಐವಿಗೆ ಹಚ್ಚುತ್ತಾರೆ, ಗ್ಲೌಸ್ ತಿಂಗಳಾದರೂ ಕೈಬಿಡುವುದಿಲ್ಲ. ಅದು ಕೀಮೋ ಔಷಧಿ 48 ಗಂಟೆ ಮೈಯಿಂದ ಹೊರಹೋಗುವುದರಿಂದ, ಎಚ್‌ಐವಿ ಇಲ್ಲದ ರೋಗಿಗೂ ಹೇಳುವ ಮಾತು. ಎರಡು ದಿನ ಕಳೆದ ಮೇಲೆ ಗ್ಲೌಸ್ ಬೇಕಾಗುವುದು ರಕ್ತ ಒರೆಸುವಾಗ ಮಾತ್ರ. ಇದನ್ನು ಮನೆಯವರಿಗೆ ನೀವು ಹೇಳುವುದಕ್ಕಿಂತ ಆ ನರ್ಸೇ ಹೇಳಿದರೆ ಹೆಚ್ಚು ನಾಟುತ್ತದೆ, ಕೇಳಿಕೊಳ್ಳಿ.

ಜ್ವರಮಾಪಕ ಒಂದು ಕೊಳ್ಳಿ. ಕೀಮೋ ನಡೆಯುವ ದಿನಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಚಳ್ಳಕೆರೆಯೋ ಜಗಳೂರೋ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ರಾತ್ರಿಯೇ ಹೋಗಿ 'ಕೀಮೋ ಆಗಿ ಇಷ್ಟು ದಿನ, ಜ್ವರ ಇಷ್ಟು' ಎಂದು ಮೊದಲು ಹೇಳಿ. ಅಲ್ಲಿ ಎಲ್ಲ ಬಿಡಿಸಿ ಹೇಳಬೇಕಲ್ಲ ಎಂಬ ಸಂಕೋಚಕ್ಕೆ ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಜೀವಕ್ಕೆ ಕುತ್ತು. ಮುಚ್ಚಿದ ಲಕೋಟೆಯ ಮೂರನೇ ಪ್ರತಿ ಇರುವುದು ಇದಕ್ಕೇ.

ಆಸ್ಪತ್ರೆಯಲ್ಲೇ ಬಾಗಿಲು ಹಾಕಿದರೆ

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಚಿಕಿತ್ಸೆ ನಿರಾಕರಿಸುವುದು, ಅರ್ಧಕ್ಕೆ ನಿಲ್ಲಿಸುವುದು, ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದು, ಒಪ್ಪಿಗೆಯಿಲ್ಲದೆ ಇತರರಿಗೆ ತಿಳಿಸುವುದು ಇದರಡಿ ತಪ್ಪು. ಬಾಯಿಬಿಟ್ಟು 'ಆಗಲ್ಲ' ಎನ್ನುವವರು ಈಗ ಕಡಿಮೆ. ಅದರ ಬದಲು 'ಬೆಡ್ ಇಲ್ಲ', 'ಬೇರೆ ಕಡೆ ಚೆನ್ನಾಗಿ ಮಾಡ್ತಾರೆ', 'ಸ್ಪೆಷಲ್ ಕಿಟ್‌ಗೆ ಇಷ್ಟು ಸಾವಿರ ಆಗುತ್ತೆ' ಎನ್ನುತ್ತಾರೆ, ಕೇಸ್ ಶೀಟ್ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಮಂಚದ ಕಾಲಿಗೆ ತೂಗುಹಾಕುತ್ತಾರೆ. ಸೂಜಿ, ರಕ್ತದ ಎಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ ಆಗಿರಬೇಕು. ಸಿಬ್ಬಂದಿಗೆ ಅಕಸ್ಮಾತ್ ಸೂಜಿ ಚುಚ್ಚಿದರೆ, ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುಮಾಡುವ 28 ದಿನದ ತಡೆ ಔಷಧಿ ಇದೆ.

ಮೊದಲು ಮೆಲ್ಲಗೆ ಕೇಳಿ: 'ಆಗಲ್ಲ ಅನ್ನೋದನ್ನ ಚೀಟಿಯಲ್ಲಿ ಬರೆದುಕೊಡಿ ಸಾರ್.' ಅರ್ಧದಷ್ಟು ತಕರಾರು ಇಲ್ಲೇ ಇಳಿಯುತ್ತದೆ. ಇಳಿಯದಿದ್ದರೆ ಅದೇ ದಿನ ಬರೆದಿಡಿ: ದಿನಾಂಕ, ಹೊತ್ತು, ವಾರ್ಡ್, ಯಾರು, ಆಡಿದ ಮಾತು ಇದ್ದಹಾಗೆ, ಜೊತೆಗಿದ್ದವರು. ಹೆಚ್ಚು ಕೇಳಿದ ಹಣಕ್ಕೆ ರಸೀದಿ, ಕೆಂಪು ಬರಹದ ಫೋಟೋ ಇಟ್ಟುಕೊಳ್ಳಿ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ, ದೂರು ಅವರಿಗೆ ಕೊಡಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ, ಅಂದರೆ ಎಲ್ಲರೂ ಡ್ಯಾಪ್ಕು ಎನ್ನುವ ಕಚೇರಿಗೆ, ಒಂದು ಪ್ರತಿ. ಅಲ್ಲಿಂದ ಒಂದು ಫೋನ್ ಹೋದರೆ ಆಗುವ ಕೆಲಸ ಹತ್ತು ಅರ್ಜಿಯಿಂದ ಆಗದಿರಬಹುದು. ಕಾಯ್ದೆಯಡಿ ರಾಜ್ಯ ಸರ್ಕಾರ ನೇಮಿಸುವ ಒಂಬುಡ್ಸ್‌ಮನ್ ಎಂಬ ದೂರು ವಿಚಾರಣಾಧಿಕಾರಿ 30 ದಿನದೊಳಗೆ, ತುರ್ತು ಚಿಕಿತ್ಸೆಯ ವಿಷಯವಾದರೆ ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಯೊಳಗೆ ಆದೇಶ ಕೊಡಬೇಕು. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲ. ಕೋರ್ಟಿಗೆ ಹೋದರೂ ಹೆಸರು ಮರೆಮಾಚಿ ನಡೆಸಲು ಕೋರಬಹುದು. ಎಚ್‌ಐವಿ ಬಗ್ಗೆ ಯಾವ ಪ್ರಶ್ನೆಗೂ 1097, ಉಚಿತ ಕರೆ.

ಒಂದು ಮಾತು: ದೂರಿನ ಜಗಳಕ್ಕೆ ಚಿಕಿತ್ಸೆ ಕಾಯಬಾರದು. ದೂರು ಒಬ್ಬರು ನೋಡಿಕೊಳ್ಳಲಿ, ಅಷ್ಟರಲ್ಲಿ ರೋಗಿ ಇನ್ನೊಂದು ಆಸ್ಪತ್ರೆಯ ಬೆಡ್ ಮೇಲಿರಲಿ.

ಮನಸ್ಸು

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸೆ ಇಲ್ಲದಿದ್ದರೆ ಅದನ್ನು 'ಇಂಥ ಕಾಯಿಲೆಗೆ ಇನ್ನೇನು' ಎಂದು ಬಿಡಬೇಡಿ. ಖಿನ್ನತೆಗೆ ಔಷಧಿ ಇದೆ, ಮತ್ತು ಖಿನ್ನತೆ ಬಂದವರೇ ಮಾತ್ರೆ ತಪ್ಪಿಸುವುದು, ಕೀಮೋ ಅರ್ಧಕ್ಕೆ ಬಿಡುವುದು. ಕೆಲವು ಸಲ ಕಾರಣ ಔಷಧಿಯಲ್ಲೇ ಇರುತ್ತದೆ: ಡೊಲುಟೆಗ್ರವಿರ್‌ನಿಂದ ನಿದ್ದೆ ಕೆಟ್ಟರೆ ಬೆಳಗ್ಗೆ ತೆಗೆದುಕೊಳ್ಳಬಹುದೇ ಎಂದು ಕೇಳಿ, ಹಳೆಯ ಎಫಾವಿರೆಂಜ್ ಮತ್ತು ಕೀಮೋ ಜೊತೆಯ ಸ್ಟೀರಾಯ್ಡ್ ಕೂಡ ಮನಸ್ಸನ್ನು ಏರುಪೇರು ಮಾಡುತ್ತವೆ. 'ನನ್ನ ಪಾಪಕ್ಕೆ ನೋವು ಅನುಭವಿಸಬೇಕು' ಎಂದು ನೋವಿನ ಮಾತ್ರೆ ಬೇಡವೆನ್ನುವವರಿದ್ದಾರೆ. ಅವರ ಹತ್ತಿರ ವಾದ ಮಾಡುವುದಕ್ಕಿಂತ ನೋವನ್ನು 0ಯಿಂದ 10ರೊಳಗೆ ದಿನಾ ಬರೆಸಿ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಸಾಯಬೇಕೆನಿಸಿದರೆ, ರಾತ್ರಿಯಾದರೂ ಸರಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಹೆಸರು ಹೇಳಲೇಬೇಕೆಂದಿಲ್ಲ.

ಚಿಕಿತ್ಸೆ ಮುಗಿದ ಮೇಲೆ

ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಿಗೊಮ್ಮೆ ಕ್ಯಾನ್ಸರ್ ಡಾಕ್ಟರಿಗೆ ತೋರಿಸಬೇಕು. ಎಆರ್‌ಟಿ ಕೇಂದ್ರದ ಮಾತ್ರೆ ತರುವ ದಿನವನ್ನು ಅದರ ಹಿಂದಿನ ದಿನಕ್ಕೆ ಹೊಂದಿಸಿಕೊಂಡರೆ ಕೂಲಿ ಕಳೆಯುವುದು ಒಂದೇ ಸಲ, ಮನೆಯಿಂದ ಹೊರಡುವುದಕ್ಕೆ ಕಾರಣ ಹೇಳಬೇಕಾದ್ದೂ ಒಂದೇ ಸಲ.

ಚಿಕಿತ್ಸೆ ಫಲಿಸದೆ ಹೋದರೆ ಮನೆಯವರಿಗೆ ಎರಡು ವಿಷಯ ತಿಳಿದಿರಲಿ. ಗ್ಲೌಸ್ ಹಾಕಿ ಮೈ ತೊಳೆದು, ಹೊದಿಸಿ, ನಿಮ್ಮ ಪದ್ಧತಿಯಂತೆ ಸಂಸ್ಕಾರ ಮಾಡಲು ಎಚ್‌ಐವಿ ಅಡ್ಡಿಯಲ್ಲ. ಪೌತಿ ಖಾತೆಗೆ, ಪಿಂಚಣಿಗೆ, ಬ್ಯಾಂಕಿಗೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ನಮೂದಾಗಿರುವುದಿಲ್ಲ. ಕಾರಣ ಬರೆದ ವೈದ್ಯರ ಪ್ರಮಾಣಪತ್ರ ಬೇರೆಯದು, ಅದರ ಪ್ರತಿಯನ್ನು ನಾಡಕಚೇರಿಯ ಅರ್ಜಿಗೆ ಸೇರಿಸಲು ಹೋಗಬೇಡಿ.